ಅವ್ವನ ಕುಬಸದ ಗಂಟು

ನನ್ನ ಕೊರಳಲ್ಲಿ ಟೇಪು ಇಲ್ಲದ ಹೊತ್ತು ಅಂದರೆ ಸ್ನಾನದ ಹೊತ್ತು ಮಾತ್ರ. ಅದನ್ನೂ ಒಮ್ಮೊಮ್ಮೆ ಮರೆತು ಹಾಗೆಯೇ ನೀರು ಸುರಿದುಕೊಂಡು ಹೆಂಡತಿಯ ಕೈಲಿ ಬೈಸಿಕೊಂಡದ್ದುಂಟು. ಕುಕನೂರಿನ ಬಜಾರದಲ್ಲಿ ಇಪ್ಪತ್ತಾರು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುವವನು ನಾನು. ಮದುವೆಗೆ ಹೋದರೂ ಟೇಪು, ಮಣ್ಣಿಗೆ ಹೋದರೂ ಟೇಪು. ಒಮ್ಮೆ ಸೋದರಮಾವನ ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕಲು ಹೋದವನು, ಹರಸುವುದು ಬಿಟ್ಟು ‘ತೋಳು ಅರ್ಧ ಇಂಚು ಸಡ್ಲ ಆತಲ್ಲವಾ’ ಎಂದುಬಿಟ್ಟೆ. ಆ ಬ್ಲೌಸು ಹೊಲಿದವನು ಕೊಪ್ಪಳದ ಟೇಲರ್. ಅವನ ತಪ್ಪು ಕಂಡ ಖುಷಿಯಲ್ಲಿ ನನಗೆ ಜಾಗ, ಹೊತ್ತು ಎರಡೂ ಮರೆತುಹೋಗಿದ್ದವು. ಅವತ್ತಿನಿಂದ ಮಾವ ನನ್ನ ಜೊತೆ ಅಷ್ಟಕ್ಕಷ್ಟೆ.

ಮೊನ್ನೆ ನನ್ನ ಹೆಂಡತಿ ಗಿರಿಜಾ ಹೊಸ ಟೇಪು ತಂದುಕೊಟ್ಟಳು. ಹಳೆಯದರಲ್ಲಿ ಮೂವತ್ತರಿಂದ ನಲವತ್ತರವರೆಗಿನ ಅಂಕಿಗಳು ಅಳಿಸಿಯೇ ಹೋಗಿವೆ. ಹೆಂಗಸರ ಟೇಲರನ ಟೇಪು ಸವೆಯುವುದು ಅಲ್ಲಿಯೇ. ಎಸೆಯಲು ಬಾಗಿಲತನಕ ಹೋದೆ, ಕೈ ಬರಲಿಲ್ಲ. ಯಾಕಂದರೆ ಅದು ನನ್ನ ಜೊತೆ ಹುಬ್ಬಳ್ಳಿಯ ಆಸ್ಪತ್ರೆಗೂ ಬಂದಿತ್ತು.

ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದ ಮೊದಲ ದಿನದ ಮಾತು. ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅಂಗಡಿಯಿಂದಲೇ ಎದ್ದು ಬಂದಿದ್ದೆ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದರೆ, ಬಾಕಿನ ಮೇಲೆ ಕುಳಿತಿದ್ದ ಯಲಬುರ್ಗಾ ಕಡೆಯ ಒಬ್ಬ ಹಿರಿಯರು ಫೈಲು ಹಿಡಿದು ಎದ್ದು ನಿಂತರು. “ಸಾಹೇಬ್ರ, ನಮ್ಮ ರಿಪೋರ್ಟ್ ಸ್ವಲ್ಪ ನೋಡ್ರಿ” ಅಂದರು. ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ. ಆಮೇಲೆ ಕೊರಳು ನೋಡಿಕೊಂಡೆ.

“ನಾ ಡಾಕ್ಟರ್ ಅಲ್ರಿ ಯಜಮಾನ್ರ, ಟೇಲರ್ ಅದೀನಿ.”

ಅವರು ಜಗ್ಗಲಿಲ್ಲ. “ಇಬ್ರೂ ಕತ್ತರಿಸಿ ಹೊಲಿಯೋರ ಅಲ್ಲೇನ್ರಿ? ಒಂದ್ಸಲ ನೋಡ್ರಿ ಅಷ್ಟ.”

ಬಾಕಿನ ಮೇಲಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹದಿನೈದು ದಿನಗಳಿಂದ ಆಕೆ ನಕ್ಕಿರಲಿಲ್ಲ. ನಾನು ಆ ಹಿರಿಯರ ಫೈಲು ತೆಗೆದು, ಒಂದಕ್ಷರ ತಿಳಿಯದಿದ್ದರೂ ಎರಡು ಹಾಳೆ ತಿರುವಿ, “ಛಲೋ ಐತ್ರಿ” ಎಂದು ಹೇಳಿ ಕೊಟ್ಟೆ. ಅವರು ಸಮಾಧಾನದಿಂದ ಕುಳಿತರು. ತಪ್ಪು ಮಾಡಿದೆನೋ ಏನೋ, ನೀವೇ ಹೇಳಬೇಕು.

ನನ್ನ ಕೈಗೆ ಸೂಜಿ ಕೊಟ್ಟವಳು ಅವ್ವನೇ. ಅಪ್ಪ ಮಷೀನು ತುಳಿಯುತ್ತಿದ್ದ, ಕೈಹೊಲಿಗೆಯೆಲ್ಲ ಅವ್ವನದು: ಕಾಜಾ, ಗುಂಡಿ, ಹುಕ್ಕು. ಕಟ್ಟೆಯ ಮೇಲೆ ಬಿಸಿಲು ಬೀಳುವ ಕಡೆ ಕುಳಿತು, ಬೆರಳ ತುದಿಗೆ ದಾರ ಸುತ್ತಿ, ಹೆಬ್ಬೆರಳಿಂದ ಒಂದೇ ಸಲ ಹೊಸೆದು ಎಳೆದಳೆಂದರೆ ತುದಿಯಲ್ಲಿ ಸಾಸಿವೆಯಷ್ಟು ಗಂಟು. ನಾನು ಹಾಕಿದರೆ ಅದು ಕಡಲೆಕಾಳಿನಷ್ಟಾಗುತ್ತಿತ್ತು. “ಇದೇನು ದಾರದ ಗಂಟೋ, ಬುತ್ತಿ ಗಂಟೋ?” ಎಂದು ನಗುತ್ತಿದ್ದಳು. ಗಂಟು ಅಂದರೆ ನಮ್ಮಲ್ಲಿ ನೂರೆಂಟು. ಬಟ್ಟೆಯ ಗಂಟು, ಹುಲ್ಲಿನ ಗಂಟು, ಮದುವೆಯ ಬ್ರಹ್ಮಗಂಟು, ಮುನಿಸಿಕೊಂಡವರ ಗಂಟುಮೋರೆ. ಅವ್ವನ ಕುಬಸಕ್ಕೂ ಒಂದು ಗಂಟು.

ಕುಬಸ ಅಂದರೆ ನಮ್ಮ ಕಡೆಯ ಹಿರಿಯ ಹೆಂಗಸರು ತೊಡುವ ರವಿಕೆ. ಅದಕ್ಕೆ ಹುಕ್ಕಿಲ್ಲ, ಗುಂಡಿಯಿಲ್ಲ. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ಎಳೆದು ಗಂಟು ಹಾಕಿಕೊಳ್ಳುವುದು. ಹೊಲಿಯುವವರು ಈಗ ಕಡಿಮೆ. ನಾನು ಹೊಲಿಯುತ್ತೇನೆ, ಚೆನ್ನಾಗಿಯೇ ಹೊಲಿಯುತ್ತೇನೆ ಎಂಬ ಜಂಭವೂ ಉಂಟು. ಆದರೆ ಅವ್ವನ ಮೈಗೆ ನಾನು ಎಂದೂ ಟೇಪು ಹಿಡಿದವನಲ್ಲ. ಅವಳ ವಯಸ್ಸಿನವರು ಅಳತೆ ಕೊಡುವುದಿಲ್ಲ, ಒಂದು ಹಳೆಯ ಕುಬಸ ಕೊಟ್ಟು “ಇದರಂಗ ಹೊಲಿ” ಅನ್ನುತ್ತಾರೆ. ಇಪ್ಪತ್ತು ವರ್ಷ ಅದೇ ಅಳತೆ ಕುಬಸ ನಡೆಯಿತು. ಮಗ ಟೇಲರ್ ಆದರೇನು, ಮಗ ಮಗನೇ.

ಇಲ್ಲಿಗೆ ಬರಬೇಕಲ್ಲ ಎಂದೇ ನಾನು ಇಷ್ಟು ಸುತ್ತಿ ಬಳಸಿ ಬಂದೆ. ಬರದೆ ಗತಿಯಿಲ್ಲ.

ಕಾರಹುಣ್ಣಿಮೆಯ ಮುಂಚಿನ ಒಂದು ಮಧ್ಯಾಹ್ನ ಅವ್ವ ಅಂಗಡಿಗೆ ಬುತ್ತಿ ತಂದಳು. ಬುತ್ತಿ ತರುವುದು ಗಿರಿಜಾಳ ಕೆಲಸ, ಅವತ್ತು ಯಾಕೋ ಅವ್ವ. ಅಂಗಡಿಯಲ್ಲಿ ಮದುವೆ ಬಟ್ಟೆಯ ರಾಶಿ, ಬಾಗಿಲಲ್ಲಿ ಮೂವರು ಗಿರಾಕಿಗಳು, ನನ್ನ ಬಾಯಲ್ಲಿ ನಾಲ್ಕು ಗುಂಡುಪಿನ್ನು. ಅವ್ವ ಬುತ್ತಿ ಇಟ್ಟು ಹೋಗದೆ ನಿಂತಳು.

“ಈರಣ್ಣಾ, ಗಂಟ ಒಂದು ಒತ್ತಾಕತ್ತೈತೋ.”

“ಸಡ್ಲ ಕಟ್ಕೊಬೇಕವಾ” ಅಂದೆ, ಪಿನ್ನು ತೆಗೆಯದೆಯೇ.

“ಸಡ್ಲ ಕಟ್ಟಿದ್ರೂ ಐತಿ.”

“ಹಂಗಾರ ತುದಿ ಉದ್ದ ಮಾಡಿ ಕೊಡ್ತೀನಿ. ಗಿರಿಜಾನ ಕೈಲೆ ಕಳಸು.”

ಅವ್ವ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ “ಹೂಂ, ಹಂಗ ಮಾಡು” ಎಂದು ಹೋದಳು. ಮರುದಿನ ಎರಡು ಕುಬಸ ಬಂದವು. ತುದಿಗೆ ಎರಡೆರಡು ಇಂಚು ಬಟ್ಟೆ ಜೋಡಿಸಿದೆ, ಜೋಡಿಸಿದ್ದು ಕಾಣದ ಹಾಗೆ ಇಸ್ತ್ರಿ ಹೊಡೆದು ಕಳಿಸಿದೆ. ಸಂಜೆ ಮನೆಗೆ ಹೋಗಿ “ಹೆಂಗಾತವಾ?” ಎಂದು ಶಹಬ್ಬಾಸ್‌ಗಿರಿಯನ್ನೂ ಕೇಳಿದೆ. “ಛಲೋ ಆತು ಬಿಡು” ಅಂದಳು. ಎಂಥ ಜಾಣ ನಾನು!

ದೀಪಾವಳಿಗೆ ನೀರೆರೆಯುವ ದಿನ ಗಿರಿಜಾ ಅತ್ತೆಗೆ ಎಣ್ಣೆ ಹಚ್ಚಲು ಕೂತಳು. ನಾನು ಅಂಗಡಿ ತೆರೆದು ಪೂಜೆಯ ಸಿದ್ಧತೆಯಲ್ಲಿದ್ದೆ. ಒದ್ದೆ ಕೈ, ಎಣ್ಣೆಯ ಸೀರೆ, ಹಾಗೆಯೇ ಬಜಾರದಲ್ಲಿ ನಡೆದು ಬಂದಳು. ನನ್ನನ್ನು ಒಳಗೆ ಕರೆದು ಹೇಳಿದಳು.

“ಅತ್ತಿಯವ್ರ ಎದಿಯಾಗ ಗಂಟ ಐತ್ರಿ. ಬಲಕ್ಕ. ಲಿಂಬಿಹಣ್ಣಷ್ಟು ಐತಿ. ಯಾವಾಗಿಂದ ಅಂದ್ರ ಕಾರಹುಣ್ಣಿಮಿ ಅಂತಾರ.”

ಯಾವ ಗಂಟು ಒತ್ತುತ್ತಿತ್ತೆಂಬುದು ಆ ಕ್ಷಣಕ್ಕೆ ತಿಳಿಯಿತು. ಅಂಗಡಿಯ ಆ ಮಾತನ್ನು ಗಿರಿಜಾಳಿಂದ ಮುಚ್ಚಿಟ್ಟೆ.

ಕೊಪ್ಪಳದಲ್ಲಿ ಸ್ಕ್ಯಾನಿಂಗು ಆಯಿತು, ಸೂಜಿ ಚುಚ್ಚಿ ನೋಡುವ ಪರೀಕ್ಷೆಯಾಯಿತು. ಜೀವನವಿಡೀ ಸೂಜಿಯ ಜೊತೆಗಿದ್ದವನು ಆ ಒಂದು ಸೂಜಿಯನ್ನು ನೋಡಲಾರದೆ ಹೊರಗೆ ಬಂದು ನಿಂತೆ. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದೇ ಬಂತು. ಅಲ್ಲಿಂದ ಹುಬ್ಬಳ್ಳಿ. ಅಲ್ಲಿನ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು, ಮೆತ್ತಗೆ ಮಾತಾಡುವವರು. ಅವ್ವನನ್ನು ಪರೀಕ್ಷೆ ಮಾಡಿ ಬಂದು ನಮ್ಮೆದುರು ಕುಳಿತರು.

“ಅಮ್ಮಾರ, ಗೊತ್ತಾಗಿ ಐದ್ ತಿಂಗಳಾತು ಅಂತೀರಿ. ಮನ್ಯಾಗ ಯಾರಿಗೂ ಹೇಳಲಿಲ್ಲೇನ್ರಿ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಅಂದಳು: “ಇಲ್ರೀ ಯವ್ವಾ, ಯಾರಿಗೂ ಹೇಳಿಲ್ಲ. ನಂದ ತಪ್ಪು.”

“ಆವಾಗ ಬಂದಿದ್ರ ಭಾಳ ಛಲೋ ಆಗ್ತಿತ್ತು. ಇರ್ಲಿ, ಈಗರ ಬಂದೀರಲ್ಲ” ಎಂದು ಡಾಕ್ಟರು ಬರೆಯತೊಡಗಿದರು. ಅವ್ವ ನನ್ನ ಕಡೆ ನೋಡಲೇ ಇಲ್ಲ. ಆ ಸುಳ್ಳು ಯಾರಿಗಾಗಿ ಎಂದು ನನಗೆ ಗೊತ್ತಿತ್ತು. ನಾನೂ ಸುಮ್ಮನೆ ಕುಳಿತೆ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಪರೇಷನ್ ಮೂರು ತಾಸು ನಡೆಯಿತು. ಬಲ ಎದೆಯನ್ನೂ ಕಂಕುಳಿನ ಗಡ್ಡೆಗಳನ್ನೂ ತೆಗೆದರು. ಹೊರಗೆ ಗಿರಿಜಾ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ನನಗೆ ದೇವರು ಕೂಡ ನೆನಪಿಗೆ ಬರಲಿಲ್ಲ. ನಾನು ಜೋಡಿಸಿದ ಆ ಎರಡಿಂಚು ಬಟ್ಟೆಯೇ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. ಅವ್ವ ಹೋಗಿಬಿಟ್ಟರೆ ನಾನೇ ಕೊಂದಂತೆ. ಹೀಗೆಂದು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ವಾರ್ಡಿಗೆ ತಂದಾಗ ಅವ್ವನ ಮೈಯಿಂದ ಒಂದು ನಳಿಕೆ ಹೊರಗೆ ಬಂದಿತ್ತು, ಅದರ ತುದಿಗೆ ಪ್ಲಾಸ್ಟಿಕ್ಕಿನ ಡಬ್ಬಿ. ಒಳಗಿನ ಕೆಟ್ಟ ನೀರು ಬಂದು ಬೀಳುವುದಕ್ಕೆ. ಎದ್ದರೂ ಕುಂತರೂ ಅದನ್ನು ಕೈಯಲ್ಲಿ ಹಿಡಿದೇ ಓಡಾಡಬೇಕು. ವಾರ್ಡಿನ ಹೆಂಗಸರೆಲ್ಲ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಿನ್ನು ಚುಚ್ಚಿಕೊಂಡಿದ್ದರು. ನನ್ನ ಕೈ ಸುಮ್ಮನಿರುವುದುಂಟೇ? ಪೇಟೆಗೆ ಹೋಗಿ ಒಂದು ಖಣದ ತುಂಡು ತಂದು, ಬಾಕಿನ ಮೇಲೆ ಕುಳಿತು ಕೈಹೊಲಿಗೆಯಲ್ಲೇ ಉದ್ದ ದಾರದ ಒಂದು ಚೀಲ ಮಾಡಿದೆ. ಕೆಂಪು ಖಣ, ಹಸಿರು ಅಂಚು. ಅವ್ವ ಅದನ್ನು ಕೊರಳಿಗೆ ಹಾಕಿಕೊಂಡು ವಾರ್ಡಿನಲ್ಲಿ ಒಂದು ಸುತ್ತು ನಡೆದದ್ದೇ ತಡ, ಎಲ್ಲರಿಗೂ ಬೇಕಾಯಿತು. ಎರಡು ದಿನದಲ್ಲಿ ಏಳು ಚೀಲ ಹೊಲಿದೆ. ಗಂಗಾವತಿಯ ಒಬ್ಬ ಅಕ್ಕಿ ಗಿರಣಿ ಮಾಲೀಕರ ಹೆಂಡತಿ ತಮ್ಮ ಸೀರೆಗೆ ಹೊಂದುವ ನೀಲಿ ಬಣ್ಣದ್ದೇ ಆಗಬೇಕೆಂದರು. “ಸಾವಿನ ಬಾಗಿಲಿಗೆ ಬಂದ್ರೂ ಮ್ಯಾಚಿಂಗ್ ಬಿಡೂದಿಲ್ಲ ನಾವು” ಎಂದು ಅವರೇ ಹೇಳಿದಾಗ ವಾರ್ಡಿಗೆ ವಾರ್ಡೇ ನಕ್ಕಿತು. ನರ್ಸು ಓಡಿಬಂದು, ನಕ್ಕರೆ ಗಾಯದ ಹೊಲಿಗೆ ಬಿಚ್ಚುತ್ತವೆ ಎಂದು ಎಲ್ಲರನ್ನೂ ಗದರಿಸಿದಳು.

ಮನೆಗೆ ಬಂದ ಮೇಲೆ ಬಲಗೈಯದೊಂದು ಕಥೆ. ಕಂಕುಳಲ್ಲಿ ಕತ್ತರಿ ಆಡಿದ್ದರಿಂದ ಕೈ ಮೇಲೆ ಏಳುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆ ಹತ್ತಿಸಿದ ಹಾಗೆ ಮೇಲೆ ಹತ್ತಿಸಬೇಕೆಂದು ಹೇಳಿಕೊಟ್ಟಿದ್ದರು. ಎಲ್ಲಿತನಕ ಹೋಯಿತೋ ಅಲ್ಲಿ ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಮೊದಲ ಗೆರೆ ಅವಳ ಭುಜಕ್ಕಿಂತ ಕೆಳಗೆ. ನಾಲ್ಕು ದಿನ ಗೆರೆಯ ಮೇಲೆಯೇ ಗೆರೆ. ಐದನೆಯ ದಿನ ಒಂದು ಬೆರಳು ಮೇಲೆ. ಅವ್ವ ಹಿಂದೆ ತಿರುಗಿ “ಹಾಕು, ಹಾಕು, ಜಲ್ದಿ ಹಾಕು, ಕೈ ಇಳಿತೈತಿ” ಎಂದು ನನ್ನನ್ನು ಅವಸರಿಸುವಳು. ಗಿರಿಜಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ “ಅತ್ತಿ ಹಿಮ್ಮಡಿ ಎತ್ಯಾರ, ಅದು ನಡಿಯೂದಿಲ್ಲ” ಎಂದು ಕೂಗಿ ಹೇಳುವಳು. ದಿನಾ ಇದೇ ಜಗಳ.

ಆಕೆಗೆ ಕೈ ಬೇಕಾಗಿದ್ದದ್ದು ಮುಖ್ಯವಾಗಿ ಸೆರಗಿಗೆ. ನಮ್ಮ ಕಡೆ ಹಿರಿಯರ ಸೆರಗು ಬಲ ಹೆಗಲ ಮೇಲಿನಿಂದ ಬಂದು ತಲೆಗೇರುತ್ತದೆ. ಯಾರಾದರೂ ನೋಡಲು ಬಂದರೆ ಅವ್ವನ ಬಲಗೈ ತಾನಾಗಿ ಏಳಲು ಹೋಗಿ, ಅರ್ಧಕ್ಕೇ ನಿಲ್ಲುತ್ತಿತ್ತು, ಆಕೆ ಮುಖ ಕಿವಿಚುತ್ತಿದ್ದಳು. ಕೀಮೋ ಶುರುವಾಗಿ ಕೂದಲು ಉದುರಿದ ಮೇಲಂತೂ ತಲೆ ಮುಚ್ಚಲೇಬೇಕೆಂಬ ಹಟ. ಎಡಕ್ಕೆ ಹೊದ್ದುಕೋ ಎಂದು ನಾನು ಹೇಳಿ ನೋಡಿದೆ.

“ಎಡಕ್ಕ ಹೊತ್ಕೊಂಡ್ರ ಬೆಂಗಳೂರ ಕಡಿಯಾಕಿ ಬಂದಾಳ ಅಂತಾರ ಮಂದಿ. ನಾ ಒಲ್ಲೆ!”

ಕೀಮೋದ ದಿನಗಳನ್ನು ಬಹಳ ಬರೆಯಲಾರೆ. ಮೂರು ವಾರಕ್ಕೊಮ್ಮೆ ಹೋಗಿ ಬಂದ ಮೇಲೆ ನಾಲ್ಕೈದು ದಿನ ಆಕೆಗೆ ನೀರೂ ಸೇರುತ್ತಿರಲಿಲ್ಲ. ರೊಟ್ಟಿಯ ವಾಸನೆಗೆ ವಾಕರಿಕೆ. ಜೋಳದ ಅಂಬಲಿಗೆ ಮಜ್ಜಿಗೆ ಹಾಕಿ ಗಿರಿಜಾ ಚಮಚದಲ್ಲಿ ಕುಡಿಸುವಳು. ಈ ಅತ್ತೆ ಸೊಸೆ ಹತ್ತೊಂಬತ್ತು ವರ್ಷ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕಾದಾಡಿದವರು. ಈಗ ಅವ್ವ ಉಪ್ಪೇ ಗೊತ್ತಾಗುತ್ತಿಲ್ಲ ಎಂದರೆ ಗಿರಿಜಾ ಒಳಗೆ ಹೋಗಿ ಅಳುತ್ತಿದ್ದಳು.

ಆಮೇಲೆ ಒಂದು ಸಮಸ್ಯೆ ಬಂತು. ಅದನ್ನು ಅವ್ವ ಗಿರಿಜಾಳಿಗೆ ಹೇಳಿ, ಗಿರಿಜಾ ನನಗೆ ಹೇಳಿದಳು. ಬಲಗಡೆ ಬರಿದಾದ್ದರಿಂದ ಕುಬಸ ಒಂದು ಕಡೆ ಎಳೆಯುತ್ತದೆ, ಸೆರಗು ನಿಲ್ಲುವುದಿಲ್ಲ, ಹೊರಗೆ ಹೋಗಲು ನಾಚಿಕೆ. ಟೇಲರನ ಬುದ್ಧಿ ಓಡಿತು. ಒಳಗೊಂದು ಜೇಬು ಕೊಟ್ಟು ಹತ್ತಿ ತುಂಬಿದೆ. ಹಗುರಾಗಿ ಮೇಲಕ್ಕೇ ಏರಿ ಬಂತು. ಗೋಧಿ ತುಂಬಿದೆ. ಭಾರಕ್ಕೆ ಕೆಳಗೆ ಜಗ್ಗಿತು. ಕೊನೆಗೆ ನವಣೆ ಸರಿಹೋಯಿತು. ಮೈಗೆ ಹೊಂದಿಕೊಳ್ಳುತ್ತದೆ, ತಂಪು, ತೂಕವೂ ಹದ. ನಾನು ಹೊರಗಿನ ಕೋಣೆಯಲ್ಲಿ ಹೊಲಿಯುವುದು, ಗಿರಿಜಾ ಒಳಗೆ ಹೋಗಿ ತೊಡಿಸಿ ನೋಡುವುದು, ಬಾಗಿಲ ಸಂದಿಯಿಂದ “ಇನ್ನೊಂದು ಹಿಡಿ ಹಾಕ್ರಿ” ಅನ್ನುವುದು. ಅವ್ವನ ದನಿ ಒಳಗಿಂದ ಬಂತು: “ಈರಣ್ಣಾ, ನವಣಿಗೆ ಇಲಿ ಬರ್ತಾವೋ! ಮಲಗಿದಾಗ ಕಡದ್ರ ಏನ್ ಮಾಡ್ಲಿ?” ಮೂವರೂ ಗೋಡೆಯ ಆ ಕಡೆ ಈ ಕಡೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೊದಲಾಗಿದ್ದರೆ ಈ ಮಾತು ನಮ್ಮ ಮನೆಯಲ್ಲಿ ಆಡುವಂಥದ್ದೇ ಅಲ್ಲ.

ಆ ನಗೆಯಿಂದ ನನಗೆ ಧೈರ್ಯ ಬಂದಿರಬೇಕು. ಕೊನೆಯ ಕೀಮೋ ಮುಗಿದು, ತಪಾಸಣೆಗೆ ಹೋಗಿ ಬಂದೆವು. “ಸದ್ಯ ಏನೂ ಕಾಣಸೂದಿಲ್ರಿ. ಆದ್ರ ಮೂರು ತಿಂಗಳಿಗೊಮ್ಮಿ ತಪ್ಪದ ಬರಬೇಕು” ಅಂದಿದ್ದರು ಡಾಕ್ಟರು. ಮರುದಿನ ಅವ್ವ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕುಳಿತಿದ್ದಳು. ತಲೆಯಲ್ಲಿ ಆಗತಾನೇ ಬೆಳ್ಳಗೆ ಕೂದಲು ಮೊಳೆತಿತ್ತು. ನಾನು ಪಕ್ಕದಲ್ಲಿ ಕುಳಿತೆ.

“ಅವ್ವಾ, ಅವತ್ತ ಅಂಗಡ್ಯಾಗ ನೀ ಹೇಳಿದ್ದು ಯಾವ ಗಂಟ?”

ಅವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. “ಅದನ್ನ ಹೇಳಿದ್ದೆ.”

“ಮತ್ತ ತಿಳಿಯೂಹಂಗ ಯಾಕ ಹೇಳಲಿಲ್ಲವಾ?”

“ಮಗಗ ಹೆಂಗ ಹೇಳೂದು? ಅಷ್ಟ ಹೇಳಾಕ ನಾ ಮನಿಯಿಂದ ಅಂಗಡಿತನ ಎದಿ ಗಟ್ಟಿ ಮಾಡ್ಕೊಂಡು ಬಂದಿದ್ದೆ. ನೀ ಕುಬಸದ ಗಂಟ ಅಂದಿ. ಹಂಗ ಅಂದಕೂಡ್ಲೆ ನನಗೂ ಹಗುರಾತು. ಹೌದು, ಅದ ಇರಬೇಕು ಅಂತ ನಾನೂ ನಂಬಿದೆ.”

ನಾನು ಅತ್ತುಬಿಟ್ಟೆ. ನಲವತ್ತೊಂಬತ್ತು ವರ್ಷದ ಗಂಡಸು, ಬೀದಿ ಕಾಣುವ ಕಟ್ಟೆಯ ಮೇಲೆ, ಹಾಡುಹಗಲು. “ನನ್ನಿಂದ ಐದ ತಿಂಗಳು ಹೋತವಾ, ಡಾಕ್ಟರ್ ಹೇಳಿದ್ರಲ್ಲ” ಅಂದೆ.

“ಹೋತು. ಇಲ್ಲ ಅನ್ನೂದಿಲ್ಲ” ಅಂದಳು. “ಆದ್ರ ನೀ ಒಬ್ಬನ ಯಾಕ ಹೊತ್ಕೊಂಡ್ ಕುಂತಿ? ಇಬ್ರೂ ಕೂಡಿ ಮಾಡಿದ ತಪ್ಪು ಅದು. ಅರ್ಧ ಇತ್ಲಾಗ ಕೊಡು.” ಹೇಳುತ್ತ ಬಲಗೈ ಎತ್ತಿ ನನ್ನ ತಲೆಯ ಮೇಲಿಟ್ಟಳು. ಎತ್ತುವಾಗ ಮುಖ ಕಿವಿಚಿದಳು, ಆದರೂ ಇಟ್ಟಳು.

ಡಾಕ್ಟರು ಹೇಳಿದ ‘ಸದ್ಯ’ ಎಂಬ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಮೂರು ತಿಂಗಳಾಗುತ್ತ ಬಂದಂತೆ ದಿನ ಎಣಿಸತೊಡಗುತ್ತೇನೆ. ಏನು ಬರುತ್ತದೋ ಎಂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಆದರೆ ಹೊರುವುದು ಈಗ ಅರ್ಧವೇ.

ಕಳೆದ ವಾರ ಅವ್ವನಿಗೆ ಹೊಸ ಕುಬಸ ಹೊಲಿಯಲು ತೆಗೆದುಕೊಂಡೆ. ಹಳೆಯ ಅಳತೆ ಕುಬಸ ಇನ್ನು ನಡೆಯುವುದಿಲ್ಲ, ಆಕೆ ಬಡಕಲಾಗಿದ್ದಾಳೆ. ಮೊದಲ ಸಲ ಟೇಪಿನ ಅಳತೆ. ಪರದೆಯ ಒಳಗೆ ಗಿರಿಜಾ ಅಳೆದು ಅಂಕಿ ಕೂಗುತ್ತಿದ್ದಳು, ಹೊರಗೆ ನಾನು ಬರೆದುಕೊಳ್ಳುತ್ತಿದ್ದೆ. ಪ್ರತಿ ಅಂಕಿಯೂ ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಬರೆಯುತ್ತ ಬರೆಯುತ್ತ ನನ್ನ ಕೈ ನಿಧಾನವಾಯಿತು. ಆಗ ಒಳಗಿನಿಂದ ಅವ್ವ ಕೂಗಿದಳು.

“ಈರಣ್ಣಾ, ಪಕ್ಕಕ್ಕ ಒಳಗ ಎರಡ ಬೆರಳು ಬಟ್ಟಿ ಮಡಚಿ ಬಿಡೋ. ನಾ ಮತ್ತ ಮೈ ತುಂಬಿದ ಮ್ಯಾಲ ಬಿಚ್ಚಾಕ ಬರಬೇಕು.”

ಬೆಳೆಯುವ ಮಕ್ಕಳ ಬಟ್ಟೆಗೆ ನಾವು ಹಾಗೆ ಬಿಡುತ್ತೇವೆ. ನಾನು ನಾಲ್ಕು ಬೆರಳು ಬಿಟ್ಟು ಕತ್ತರಿಸಿದೆ.